ಪಟ್ಟಿಯಿಂದ ಕೋಷ್ಟಕಕ್ಕೆ: ಘಣಸೋಲಿಯ ಕನ್ನಡ ಪುಸ್ತಕಪಟ್ಟಿಗಳ ಗಣಕೀಕರಣದಲ್ಲಿ ಮ್ಯಾಕ್ರೊಗಳ ಬಳಕೆ

ಕರ್ನಾಟಕದ ಹೊರಗಿದ್ದು ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಆಕರಗಳು ಒಂದೇ ಗ್ರಂಥಭಂಡಾರದಲ್ಲಿ ಒಟ್ಟಾಗಿ ದೊರೆಯುವುದು ವಿರಳ. ಅವು ಮನೆಗಳಲ್ಲಿ, ಸಂಘಗಳ ಕಪಾಟುಗಳಲ್ಲಿ, ನಿವೃತ್ತ ಅಧ್ಯಾಪಕರ ಟ್ರಂಕುಗಳಲ್ಲಿ ಚದುರಿರುತ್ತವೆ. ಆದುದರಿಂದ ಇಂತಹ ಕಡೆಗಳಲ್ಲಿ ಸಂಶೋಧನೆಯ ಮೊದಲ ಕೆಲಸ ಪಟ್ಟಿ ಮಾಡುವುದು. ಇಂದು ಆ ಪಟ್ಟಿಗಳು ಬಹುಮಟ್ಟಿಗೆ ಪಠ್ಯಕಡತಗಳ ರೂಪದಲ್ಲಿ ನಮ್ಮ ಕೈಸೇರುತ್ತವೆ. ಅವುಗಳನ್ನು ಎಕ್ಸೆಲ್ ಅಥವಾ ಕ್ಯಾಲ್ಕ್‌ನಂತಹ ಸ್ಪ್ರೆಡ್‌ಶೀಟಿಗೆ ತಂದುಕೊಂಡು ವಿಂಗಡಿಸುವುದು ಈಗ ಸಾಮಾನ್ಯವಾಗಿರುವ ವಿಧಾನ. ಹೀಗೆ ತಂದುಕೊಳ್ಳುವ ಕ್ರಿಯೆಯನ್ನು ಕೇವಲ ಯಾಂತ್ರಿಕವಾದ ನಕಲು ಎಂದು ಭಾವಿಸುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದು ಒಂದು ಬಗೆಯ ಸಂಪಾದನೆ. ಸಂಪಾದನೆಯಾದ ಕಾರಣ ಅದರ ನಿಯಮಗಳು ಎಲ್ಲಿಯಾದರೂ ಲಿಖಿತವಾಗಿರಬೇಕು. ಹಾಗೆ ಬರೆದಿಡಲು ತಕ್ಕ ಸ್ಥಳ ಮ್ಯಾಕ್ರೊ. ಪ್ರಸ್ತುತ ಲೇಖನದಲ್ಲಿ ಈ ಮಾತನ್ನು ಘಣಸೋಲಿಯ ಒಂದು ಪಟ್ಟಿಯ ಆಧಾರದಿಂದ ವಿವರಿಸಲು ಉದ್ದೇಶಿಸಿದ್ದೇವೆ.

ಘಣಸೋಲಿಯು ನವಿ ಮುಂಬಯಿಯ ಉತ್ತರಭಾಗದಲ್ಲಿ, ಠಾಣೆ–ವಾಶಿ ರೈಲುಮಾರ್ಗದಲ್ಲಿ ರಬಾಳೆ ಮತ್ತು ಕೋಪರ್‌ಖೈರಣೆ ನಿಲ್ದಾಣಗಳ ನಡುವೆ ಇದೆ. ಹಳೆಯ ಗಾವಠಾಣವೂ 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ರೂಪಿಸಿದ ಸೆಕ್ಟರುಗಳೂ ಇಲ್ಲಿ ಒತ್ತೊತ್ತಾಗಿವೆ. ಮುಂಬಯಿ ನಗರದ ಚಾಳುಗಳಿಂದ ನವಿ ಮುಂಬಯಿಯ ಸ್ವಂತ ಮನೆಗಳಿಗೆ ಬಂದ ಕನ್ನಡ ಕುಟುಂಬಗಳು ಪಾತ್ರೆಪಗಡಗಳ ಜೊತೆಗೆ ಪುಸ್ತಕಗಳನ್ನೂ ತಂದಿದ್ದವು. ಯಶವಂತ ಚಿತ್ತಾಲರ ‘ಶಿಕಾರಿ’ (1979), ವ್ಯಾಸರಾಯ ಬಲ್ಲಾಳರಿಗೆ 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ‘ಬಂಡಾಯ’, ಇವುಗಳ ಮೊದಲ ಓದುಗರ ಪ್ರತಿಗಳು ಇನ್ನೂ ಇಂತಹ ಮನೆಗಳಲ್ಲಿ ಕಾಣಸಿಗುತ್ತವೆ. ಇವಕ್ಕಿಂತ ಮುಖ್ಯವಾದವು ಬಿಡಿಬಿಡಿಯಾದ ಮಾಸಪತ್ರಿಕೆಗಳು, ಸಂಘಗಳ ಸ್ಮರಣಸಂಚಿಕೆಗಳು, ರಾತ್ರಿಶಾಲೆಗಳ ವಾರ್ಷಿಕ ವರದಿಗಳು. ಇವು ಯಾವ ಗ್ರಂಥಾಲಯದಲ್ಲಿಯೂ ಸಂಪೂರ್ಣವಾಗಿ ಸಿಗುವ ಭರವಸೆ ಇಲ್ಲ. ಹಿರಿಯರು ತೀರಿಕೊಂಡು ಮನೆ ಮಾರಾಟವಾದರೆ ಇವೆಲ್ಲ ರದ್ದಿಯವನ ತಕ್ಕಡಿಗೆ ಬೀಳುತ್ತವೆ. ಆಗ ಪಟ್ಟಿಯೊಂದೇ ಸಾಕ್ಷಿ. ಆ ಪಟ್ಟಿಯೂ ಕೆಟ್ಟರೆ ಹೋಲಿಸಿ ನೋಡಲು ಮೂಲವೇ ಉಳಿದಿರುವುದಿಲ್ಲ. ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಏಕೈಕ ಪ್ರತಿಯಿಂದ ಸಂಪಾದಿಸುವ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಘಣಸೋಲಿಯಲ್ಲಿ ನಾವು ಸಂಗ್ರಹಿಸಿದ ಪಟ್ಟಿ ಮೂರು ಕಡತಗಳಲ್ಲಿತ್ತು. ಒಂದನ್ನು ಕ್ಷೇತ್ರಕಾರ್ಯಕರ್ತರು ಮೊಬೈಲಿನಲ್ಲಿ ತುಂಬಿದ್ದರು. ಅದರಲ್ಲಿ ನಮೂದುಗಳ ನಡುವೆ ಅಲ್ಪವಿರಾಮವಿತ್ತು. ಎರಡನೆಯದರಲ್ಲಿ ಟ್ಯಾಬ್ ಅಂತರವಿತ್ತು. ಅದು ‘ನುಡಿ’ಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದುದು. ಮೂರನೆಯದರಲ್ಲಿ ಕಂಬಗೆರೆಯನ್ನು ಬಳಸಲಾಗಿತ್ತು. ಅಂಕಣಗಳು ಮೂರರಲ್ಲಿಯೂ ಒಂದೇ: ಮನೆಯ ಸಂಕೇತ, ದೂರವಾಣಿ, ಕರ್ತೃ, ಶೀರ್ಷಿಕೆ, ಪ್ರಕಾಶಕರು, ವರ್ಷ, ಸಂಪುಟ–ಸಂಚಿಕೆ, ಷರಾ.

ವಿಭಜಕ ಚಿಹ್ನೆಯ ವಿಚಾರವನ್ನು ಮೊದಲು ನೋಡಬಹುದು. ತಾಳೆಯೋಲೆಯಲ್ಲಿ ಪದಗಳ ನಡುವೆ ತೆರವಿರುವುದಿಲ್ಲ. ಎಲ್ಲಿ ಕಡಿಯಬೇಕೆಂಬುದು ಓದುಗನ ವಿವೇಕಕ್ಕೆ ಬಿಟ್ಟದ್ದು. ವಿಭಜಕ ಚಿಹ್ನೆಯುಳ್ಳ ಕಡತದಲ್ಲಿ ಕಡಿಯುವ ಜಾಗ ಗೊತ್ತಾಗಿರುತ್ತದೆ. ಆದರೆ ಆ ಚಿಹ್ನೆಯೇ ನಮೂದಿನ ಒಳಗೂ ಬಂದರೆ ಪದಚ್ಛೇದ ತಪ್ಪಿದ ಪದ್ಯದಂತಾಗುತ್ತದೆ. ಗ್ರಂಥಸೂಚಿಯಲ್ಲಿ ಕರ್ತೃವಿನ ಮನೆತನದ ಹೆಸರನ್ನು ಮುಂದಿಟ್ಟು ಅಲ್ಪವಿರಾಮ ಹಾಕುವುದು ರೂಢಿ: ‘ಚಿತ್ತಾಲ, ಯಶವಂತ’, ‘ಬಲ್ಲಾಳ, ವ್ಯಾಸರಾಯ’. ಅಲ್ಪವಿರಾಮವನ್ನೇ ವಿಭಜಕವಾಗಿಸಿದ ಕಡತದಲ್ಲಿ ಇಂತಹ ನಮೂದು ಉದ್ಧರಣ ಚಿಹ್ನೆಗಳ ಒಳಗೆ ಇಲ್ಲದಿದ್ದರೆ ಯಶವಂತರು ಶೀರ್ಷಿಕೆಯ ಅಂಕಣಕ್ಕೂ ‘ಶಿಕಾರಿ’ಯು ಪ್ರಕಾಶಕರ ಅಂಕಣಕ್ಕೂ ಸರಿಯುತ್ತವೆ. ಮುಂದಿನ ಎಲ್ಲ ಅಂಕಣಗಳೂ ಒಂದೊಂದು ಮನೆ ಆಚೆಗೆ ಹೋಗುತ್ತವೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಆದುದರಿಂದ ಇದು ಅಷ್ಟೇನೂ ಅಪಾಯಕರವಲ್ಲ. ಹೊಸದಾಗಿ ಪಟ್ಟಿ ಮಾಡುವವರು ಟ್ಯಾಬ್ ಅನ್ನು ಆರಿಸಿಕೊಂಡರೆ ಈ ತೊಡಕು ಬಹುಪಾಲು ಪರಿಹಾರವಾಗುತ್ತದೆ. ಕನ್ನಡ ಬರೆವಣಿಗೆಯಲ್ಲಿ ಯಾರೂ ಹೆಸರಿನ ನಡುವೆ ಟ್ಯಾಬ್ ಒತ್ತುವುದಿಲ್ಲ.

ಕಣ್ಣಿಗೆ ಬೀಳದ ತಪ್ಪುಗಳು ಬೇರೆಯೇ ಇವೆ. ಗ್ರಂಥಸಂಪಾದನೆಯಲ್ಲಿ ಒಂದು ಹಳೆಯ ಅನುಭವವಿದೆ: ಅರ್ಥ ತಿಳಿಯದೆ ಇದ್ದುದನ್ನು ಇದ್ದಂತೆ ಗೀಚುವ ಲಿಪಿಕಾರನಿಗಿಂತ, ತಾನು ಬಲ್ಲವನೆಂದು ನಂಬಿ ಅಲ್ಲಲ್ಲಿ ತಿದ್ದುತ್ತ ಹೋಗುವ ಲಿಪಿಕಾರನು ಸಂಪಾದಕನಿಗೆ ಹೆಚ್ಚು ತೊಂದರೆ ಕೊಡುತ್ತಾನೆ. ಮೊದಲನೆಯವನ ತಪ್ಪು ತಪ್ಪಾಗಿಯೇ ಕಾಣುತ್ತದೆ; ಎರಡನೆಯವನ ತಪ್ಪು ಸರಿಯಾದ ಪಾಠದ ವೇಷ ತೊಟ್ಟಿರುತ್ತದೆ. ಎಕ್ಸೆಲ್ ಈ ಎರಡನೆಯ ಬಗೆಯ ಲಿಪಿಕಾರ. ಪಠ್ಯಕಡತವನ್ನು ನೇರವಾಗಿ ತೆರೆದಾಗ ಅದು ಪ್ರತಿಯೊಂದು ನಮೂದನ್ನೂ ಪರೀಕ್ಷಿಸಿ, ಇದು ಸಂಖ್ಯೆ, ಇದು ದಿನಾಂಕ, ಇದು ಪಠ್ಯ ಎಂದು ತಾನೇ ತೀರ್ಮಾನಿಸುತ್ತದೆ.

ನಮ್ಮ ಪಟ್ಟಿಯಲ್ಲಿ ಇದಕ್ಕೆ ಹೆಚ್ಚಾಗಿ ಬಲಿಯಾಗುವುದು ಸಂಪುಟ–ಸಂಚಿಕೆಯ ಅಂಕಣ. ಮೂರನೆಯ ಸಂಪುಟದ ನಾಲ್ಕನೆಯ ಸಂಚಿಕೆಯನ್ನು 3-4 ಎಂದು ಬರೆಯುವುದು ವಾಡಿಕೆ. ಭಾರತದ ದಿನಾಂಕಪದ್ಧತಿಯನ್ನು ಅಳವಡಿಸಿರುವ ಗಣಕದಲ್ಲಿ ಅದು ಏಪ್ರಿಲ್ ತಿಂಗಳ 3ನೆಯ ತಾರೀಖಾಗುತ್ತದೆ. ವರ್ಷವನ್ನು ನಾವು ಕೊಟ್ಟಿಲ್ಲವಾದ್ದರಿಂದ ಕಡತವನ್ನು ತೆರೆದ ವರ್ಷವನ್ನೇ ಯಂತ್ರ ಸೇರಿಸಿಕೊಳ್ಳುತ್ತದೆ. 12-45 ಎಂಬುದು 1945ರ ಡಿಸೆಂಬರ್ ಆಗುತ್ತದೆ. 13-14 ಮಾತ್ರ ಯಾವ ತಿಂಗಳಿಗೂ ಹೊಂದದೆ ಪಠ್ಯವಾಗಿಯೇ ಉಳಿದುಕೊಳ್ಳುತ್ತದೆ. ಹೀಗೆ ಒಂದೇ ಅಂಕಣದಲ್ಲಿ ಮೂರು ಜಾತಿಯ ನಮೂದುಗಳು ಸೇರುತ್ತವೆ. 1945ರ ಡಿಸೆಂಬರ್ ಎಂಬುದು ಹಳೆಯ ಮಾಸಪತ್ರಿಕೆಯ ಮಟ್ಟಿಗೆ ಸಂಭಾವ್ಯವಾದ ಕಾಲವೇ ಆಗಿರುವುದರಿಂದ, ಮುಂದೆ ಕೋಷ್ಟಕವನ್ನು ಬಳಸುವವರು ಅದನ್ನು ಸಂಶಯಿಸಲು ಕಾರಣವಿಲ್ಲ. ಹನ್ನೆರಡನೆಯ ಸಂಪುಟದ ನಲವತ್ತೈದನೆಯ ಸಂಚಿಕೆ, ಎಂದರೆ ಅದು ವಾರಪತ್ರಿಕೆಯಾಗಿತ್ತೆಂಬ ಏಕಮಾತ್ರ ಸೂಚನೆ, ಅಲ್ಲಿಗೆ ಅಳಿಸಿಹೋಯಿತು.

ಅಂಕಣದ ಆಕಾರವನ್ನು ‘ಪಠ್ಯ’ ಎಂದು ಅನಂತರ ಬದಲಾಯಿಸಿದರೆ ಸರಿಹೋಗುತ್ತದೆಂದು ಕೆಲವರು ಭಾವಿಸುತ್ತಾರೆ. ಸರಿಹೋಗುವುದಿಲ್ಲ. ದಿನಾಂಕವಾಗಿ ಪರಿವರ್ತನೆಯಾದ ಕ್ಷಣದಲ್ಲಿಯೇ ಮೂಲ ಪಾಠ ಹೋಗಿರುತ್ತದೆ. ಒಳಗೆ ಉಳಿಯುವುದು 1900ರ ಆರಂಭದಿಂದ ಎಣಿಸಿದ ದಿನಗಳ ಒಂದು ಸಂಖ್ಯೆ ಮಾತ್ರ. ಪಠ್ಯವೆಂದು ಬದಲಾಯಿಸಿದಾಗ ಐದಂಕಿಯ ಆ ಸಂಖ್ಯೆಯೇ ಕಾಣಿಸಿಕೊಳ್ಳುತ್ತದೆ. ಇದೇ ಕಾರಣದಿಂದ ಎಕ್ಸೆಲ್ 1900ಕ್ಕೆ ಹಿಂದಿನ ದಿನಾಂಕಗಳನ್ನು ದಿನಾಂಕವೆಂದು ಗುರುತಿಸುವುದೇ ಇಲ್ಲ. ‘ಮಂಗಳೂರ ಸಮಾಚಾರ’ ಆರಂಭವಾದ 1843ರ ಜುಲೈ 1 ಪಠ್ಯವಾಗಿ ಉಳಿದರೆ, ಅದಕ್ಕೆ ಸರಿಯಾಗಿ ನೂರು ವರ್ಷ ಕಳೆದ ದಿನ ದಿನಾಂಕವಾಗುತ್ತದೆ. ಕಾಲಾನುಕ್ರಮದಲ್ಲಿ ಜೋಡಿಸಹೊರಟರೆ 19ನೆಯ ಶತಮಾನವು 20ನೆಯ ಶತಮಾನದ ನಂತರ ಬರುತ್ತದೆ. ಪತ್ರಿಕೋದ್ಯಮದ ಇತಿಹಾಸ ಬರೆಯುವವರು ಇದನ್ನು ನೆನಪಿಡುವುದು ಒಳಿತು.

ಸೊನ್ನೆಗಳ ಕತೆಯೂ ಹೀಗೆಯೇ. ಮುಂಬಯಿ ಪ್ರದೇಶದ ಸ್ಥಿರದೂರವಾಣಿ ಸಂಖ್ಯೆಗಳ ಮೊದಲಿಗೆ ಬರುವ 022, ಸಂಖ್ಯೆಯೆಂದು ಪರಿಗಣಿತವಾದೊಡನೆ 22 ಆಗುತ್ತದೆ. ಇದರಿಂದ ಆಗುವ ಹಾನಿ ಅಲ್ಪ. ಆದರೆ ಜನಗಣತಿಯ ಕೋಷ್ಟಕಗಳೊಡನೆ ನಮ್ಮ ಪಟ್ಟಿಯನ್ನು ಹೊಂದಿಸಲು ಹೊರಟಾಗ ಸೊನ್ನೆಯ ಬೆಲೆ ತಿಳಿಯುತ್ತದೆ. 2011ರ ಜನಗಣತಿಯ ಮಾತೃಭಾಷಾ ಕೋಷ್ಟಕದಲ್ಲಿ ಕನ್ನಡದ ಸಂಕೇತ 007000. ಸ್ಪ್ರೆಡ್‌ಶೀಟಿನಲ್ಲಿ ಅದು 7000 ಆದರೆ, ಸೊನ್ನೆಗಳನ್ನು ಉಳಿಸಿಕೊಂಡಿರುವ ಇನ್ನೊಂದು ಕೋಷ್ಟಕದೊಡನೆ ಹೋಲಿಸುವಾಗ ಒಂದು ಸಾಲೂ ಕೂಡಿಕೊಳ್ಳುವುದಿಲ್ಲ. ಠಾಣೆ ಜಿಲ್ಲೆಯಲ್ಲಿ ಕನ್ನಡಿಗರೇ ಇಲ್ಲವೆಂಬಂತೆ ತೆರವು ಕಾಣುತ್ತದೆ. (ಪ್ರಸಂಗವಶಾತ್ ಹೇಳುವುದಾದರೆ, ಆ ಜನಗಣತಿಯ ಠಾಣೆ ಜಿಲ್ಲೆ, ಸಂಕೇತ 517, ಇಂದಿನ ಠಾಣೆಯಲ್ಲ. 2014ರ ಆಗಸ್ಟ್ 1ರಂದು ಪಾಲ್ಘರ್ ಪ್ರತ್ಯೇಕ ಜಿಲ್ಲೆಯಾಯಿತು. ನವಿ ಮುಂಬಯಿ ಎಂದು ವ್ಯವಹಾರದಲ್ಲಿ ಕರೆಯುವ ಪ್ರದೇಶವೂ ಒಂದೇ ಜಿಲ್ಲೆಯಲ್ಲಿಲ್ಲ. ಘಣಸೋಲಿ ಠಾಣೆಗೆ ಸೇರಿದರೆ ಖಾರ್ಘರ್, ಪನ್ವೇಲ್‌ಗಳು ರಾಯಗಡಕ್ಕೆ ಸೇರುತ್ತವೆ. ಹೊರಗಿನ ಸಂಶೋಧಕರು ಇಲ್ಲಿ ಎಡವುವುದನ್ನು ಕಂಡಿದ್ದೇವೆ.) ಮನೆಯ ಸಂಕೇತವೂ ಸುರಕ್ಷಿತವಲ್ಲ. ಹನ್ನೆರಡನೆಯ ಕಟ್ಟಡದ ‘ಇ’ ವಿಂಗಿನ ಮೂರನೆಯ ಮನೆಯನ್ನು ರೋಮನ್ ಅಕ್ಷರದಲ್ಲಿ 12ಇ3 ಎಂದು ಬರೆದರೆ, ವಿಜ್ಞಾನದಲ್ಲಿ ಘಾತಾಂಕ ಬರೆಯುವ ಕ್ರಮ ಅದೇ ಆಗಿರುವುದರಿಂದ, ಅದು ಹನ್ನೆರಡು ಸಾವಿರ ಎಂಬ ಸಂಖ್ಯೆಯಾಗುತ್ತದೆ. ಹದಿಮೂರು ಅಂಕಿಗಳ ಐಎಸ್‌ಬಿಎನ್ ಕೂಡ ಇದೇ ರೀತಿ ಕುಗ್ಗಿ ಕಾಣಿಸುತ್ತದೆ. ಆ ಸ್ಥಿತಿಯಲ್ಲಿ ಮತ್ತೆ ಪಠ್ಯಕಡತವಾಗಿ ಉಳಿಸಿದರೆ ಕುಗ್ಗಿದ ರೂಪವೇ ಶಾಶ್ವತವಾಗುತ್ತದೆ.

ಈ ತೊಂದರೆ ನಮ್ಮಂತಹ ಭಾಷಾಶಾಸ್ತ್ರ, ಸಾಹಿತ್ಯಗಳ ಕ್ಷೇತ್ರದವರಿಗೆ ಮಾತ್ರ ಸೀಮಿತವಲ್ಲ. ವಂಶವಾಹಿಗಳ ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಜೋಡಿಸಿದ ವಿಜ್ಞಾನಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದು ಭಾಗದಷ್ಟರಲ್ಲಿ ವಂಶವಾಹಿಯ ಹೆಸರುಗಳು ದಿನಾಂಕ ಮುಂತಾಗಿ ಕೆಟ್ಟಿದ್ದುದನ್ನು 2016ರ ಒಂದು ಅಧ್ಯಯನ ತೋರಿಸಿತು. ಸೆಪ್ಟೆಂಬರ್, ಮಾರ್ಚ್ ತಿಂಗಳುಗಳ ಸಂಕ್ಷಿಪ್ತ ರೂಪಗಳನ್ನು ಹೋಲುತ್ತಿದ್ದ ಹೆಸರುಗಳನ್ನು 2020ರ ವೇಳೆಗೆ ನಾಮಕರಣ ಸಮಿತಿಯೇ ಬದಲಾಯಿಸಬೇಕಾಯಿತು. ಯಂತ್ರಕ್ಕಾಗಿ ಶಾಸ್ತ್ರವು ತನ್ನ ಪರಿಭಾಷೆಯನ್ನು ತಿದ್ದಿಕೊಂಡ ಅಪರೂಪದ ಪ್ರಸಂಗವಿದು. ನಾವು ಸಂಪುಟ–ಸಂಚಿಕೆಗಳನ್ನು ಬರೆಯುವ ಕ್ರಮವನ್ನು ಬದಲಾಯಿಸಬಹುದು; ಆದರೆ ಆಗಲೇ ಬರೆದಾಗಿರುವ ಪಟ್ಟಿಗಳ ಗತಿಯೇನು? 2023ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯು ಇಂತಹ ಸ್ವಯಂಚಾಲಿತ ಪರಿವರ್ತನೆಗಳನ್ನು ನಿಲ್ಲಿಸುವ ಆಯ್ಕೆಯನ್ನು ಎಕ್ಸೆಲ್‌ನ ಹೊಸ ಆವೃತ್ತಿಗಳಲ್ಲಿ ಒದಗಿಸಿತು. ಆದರೆ ಅದು ಮ್ಯಾಕ್ರೊ ನಡೆಯುವಾಗ ಅನ್ವಯಿಸುವುದಿಲ್ಲ, ಹಳೆಯ ಆವೃತ್ತಿಗಳಲ್ಲಿ ಇಲ್ಲವೇ ಇಲ್ಲ.

ಇನ್ನು ಲಿಪಿಯ ಪ್ರಶ್ನೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 128 ಸ್ಥಾನಗಳ ಒಂದು ವಿಭಾಗವಿದೆ. ಯುಟಿಎಫ್-8 ಎಂಬ ಕ್ರಮದಲ್ಲಿ ಅದರ ಪ್ರತಿಯೊಂದು ಸಂಕೇತವನ್ನೂ ಮೂರು ಬೈಟುಗಳಲ್ಲಿ ಬರೆಯಲಾಗುತ್ತದೆ. ಕಡತದ ಆರಂಭದಲ್ಲಿ ಗುರುತಿನ ಮೂರು ಬೈಟುಗಳು ಇಲ್ಲದಿದ್ದರೆ ಎಕ್ಸೆಲ್ ಅದನ್ನು ಪಾಶ್ಚಾತ್ಯ ಲಿಪಿಯ ಕಡತವೆಂದು ಓದುತ್ತದೆ. ಆಗ ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ನೆತ್ತಿಯ ಮೇಲೆ ಓರೆಗೀಟು ಹೊತ್ತ ರೋಮನ್ ಅಕ್ಷರವೊಂದು, ಅದರ ಬೆನ್ನಿಗೆ ವರ್ಗದ ಅಥವಾ ಘನದ ಸಣ್ಣ ಅಂಕಿ, ಅದರ ಮುಂದೆ ಇನ್ನೊಂದು ಚಿಹ್ನೆ, ಹೀಗೆ ಮೂರು ಮೂರಾಗಿ ಕಾಣುತ್ತವೆ. ನೋಡಲು ವಿಕಾರವಾದರೂ ಇದರಲ್ಲಿ ಏನೂ ಕಳೆದಿಲ್ಲ. ಮಸಿ ಹಚ್ಚದ ಓಲೆಯಂತೆ ಕೊರೆದದ್ದು ಒಳಗಿದೆ, ಸರಿಯಾದ ಕ್ರಮದಲ್ಲಿ ಓದಿದರೆ ಮತ್ತೆ ಮೂಡುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಅದು ಹುಳು ತಿಂದ ಓಲೆ. ವಿಂಡೋಸ್‌ನ ಹಳೆಯ ‘ಆನ್ಸಿ’ ಸಂಕೇತಪುಟಗಳಲ್ಲಿ ಕನ್ನಡಕ್ಕೆ ಸ್ಥಾನವಿಲ್ಲ. ಆ ಕ್ರಮದಲ್ಲಿ ಯಾರಾದರೂ ಒಮ್ಮೆ ಕಡತವನ್ನು ಉಳಿಸಿದ್ದರೆ ಪ್ರತಿ ಅಕ್ಷರವೂ ಒಂದೊಂದು ಪ್ರಶ್ನೆಯಾಗಿ ಹೋಗಿರುತ್ತದೆ, ಅದಕ್ಕೆ ಉತ್ತರವಿಲ್ಲ. ‘ನುಡಿ’ಯ ಹಳೆಯ ಕಡತಗಳು ಈ ಎರಡೂ ವರ್ಗಕ್ಕೆ ಸೇರುವುದಿಲ್ಲ. ಅವುಗಳಲ್ಲಿ ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಂಡುಗಳನ್ನು ರೋಮನ್ ಸ್ಥಾನಗಳಲ್ಲಿ ಇಡಲಾಗಿದೆ. ಇವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದ ಮೇಲೆಯೇ ಆಮದಿಗೆ ಕೈಹಾಕಬೇಕು. ಇನ್ನೂ ಹಿಂದಿನ ಐಎಸ್‌ಸಿಐಐ ಕಡತಗಳು ಸಿಕ್ಕರೆ, ಕನ್ನಡದ ಮಟ್ಟಿಗೆ ವಿಂಡೋಸ್ ಅವಕ್ಕೆ 57008 ಎಂಬ ಸಂಕೇತಪುಟಸಂಖ್ಯೆಯನ್ನು ಕೊಟ್ಟಿದೆ.

ಮೇಲಿನ ತೊಡಕುಗಳನ್ನೆಲ್ಲ ಎಕ್ಸೆಲ್‌ನ ಆಮದು ಸಂವಾದದಲ್ಲಿ ಒಂದೊಂದಾಗಿ ಕ್ಲಿಕ್ಕಿಸುತ್ತ ನಿವಾರಿಸಿಕೊಳ್ಳಬಹುದಲ್ಲ, ಮ್ಯಾಕ್ರೊ ಏಕೆ ಎಂಬ ಪ್ರಶ್ನೆ ಸಹಜ. ಒಂದೇ ಕಡತವಾದರೆ ಸಂವಾದ ಸಾಕು. ಆದರೆ ಕ್ಷೇತ್ರಕಾರ್ಯದಲ್ಲಿ ಕಡತಗಳು ತಿಂಗಳುಗಟ್ಟಲೆ ಒಂದೊಂದಾಗಿ ಬರುತ್ತಲೇ ಇರುತ್ತವೆ; ಪ್ರತಿ ಸಲವೂ ಎಂಟು ಅಂಕಣಗಳನ್ನು ಪಠ್ಯವೆಂದು ಗುರುತಿಸಲು ಕೈ ಮರೆಯದೆ ಇರದು. ಮೇಲಾಗಿ ಕ್ಲಿಕ್ಕಿಸಿದ್ದರ ದಾಖಲೆ ಉಳಿಯುವುದಿಲ್ಲ. ಎರಡು ವರ್ಷಗಳ ಅನಂತರ ಒಂದು ನಮೂದು ಏಕೆ ಹೀಗಿದೆ ಎಂದು ಕೇಳಿದರೆ ಹೇಳುವವರಿರುವುದಿಲ್ಲ. ಮ್ಯಾಕ್ರೊ ಎಂದರೆ ಸ್ಪ್ರೆಡ್‌ಶೀಟಿಗೆ ಕೊಡುವ ಆಜ್ಞೆಗಳ ಲಿಖಿತ ಸರಣಿ. ಅದನ್ನು ಓದಿದರೆ ಪಟ್ಟಿಯು ಯಾವ ನಿಯಮಗಳಿಗೆ ಒಳಪಟ್ಟು ಕೋಷ್ಟಕವಾಯಿತೆಂಬುದು ತಿಳಿಯುತ್ತದೆ. ಸಂಪಾದಿತ ಕೃತಿಯ ಪೀಠಿಕೆಯಲ್ಲಿ ಪಾಠನಿರ್ಣಯದ ತತ್ತ್ವಗಳನ್ನು ಹೇಳುವ ಸಂಪ್ರದಾಯಕ್ಕೆ ಇದು ಸಮಾನವಾದುದು.

ಆದರೆ ಮ್ಯಾಕ್ರೊ ಬರೆದ ಮಾತ್ರಕ್ಕೆ ರಕ್ಷಣೆ ದೊರೆಯಿತೆಂದಲ್ಲ. ಘಣಸೋಲಿಯ ಅಲ್ಪವಿರಾಮದ ಕಡತವನ್ನು ನಾವು ಬುದ್ಧಿಪೂರ್ವಕವಾಗಿ ಎರಡು ಬಗೆಯಲ್ಲಿ ತೆರೆದು ಹೋಲಿಸಿದೆವು. ಕೈಯಿಂದ ತೆರೆದಾಗ ಏಪ್ರಿಲ್ 3 ಆಗಿದ್ದ ಸಂಚಿಕೆಯು ಸರಳವಾದ ಮ್ಯಾಕ್ರೊವಿನಿಂದ ತೆರೆದಾಗ ಮಾರ್ಚ್ 4 ಆಯಿತು. ಎಕ್ಸೆಲ್‌ನ ಮ್ಯಾಕ್ರೊಭಾಷೆಯಾದ ವಿಬಿಎ, ಗಣಕದ ಪ್ರಾದೇಶಿಕ ವ್ಯವಸ್ಥೆ ಭಾರತದ್ದಾಗಿದ್ದರೂ, ‘ಲೋಕಲ್’ ಎಂಬ ಸೂಚನೆಯನ್ನು ಸ್ಪಷ್ಟವಾಗಿ ಕೊಡದ ಹೊರತು ಅಮೆರಿಕದ ಕ್ರಮದಲ್ಲಿ ತಿಂಗಳನ್ನೇ ಮೊದಲು ಓದುತ್ತದೆ. ಒಂದೇ ಕಡತ, ಒಂದೇ ಗಣಕ, ಎರಡು ಪಾಠ. ‘ಓಪನ್‌ಟೆಕ್ಸ್ಟ್’ ಎಂಬ ಆಜ್ಞೆಯಲ್ಲಿ ಇನ್ನೊಂದು ವಕ್ರತೆಯಿದೆ. ಅದರಲ್ಲಿ ಅಂಕಣವಾರು ಸೂಚನೆಗಳನ್ನು ಎಷ್ಟೇ ಎಚ್ಚರದಿಂದ ಬರೆದರೂ, ಕಡತದ ಹೆಸರಿನ ಕೊನೆಯಲ್ಲಿ ಸಿಎಸ್‌ವಿ ಎಂದಿದ್ದರೆ ಎಕ್ಸೆಲ್ ಆ ಸೂಚನೆಗಳನ್ನು ಲಕ್ಷಿಸುವುದಿಲ್ಲ. ತಪ್ಪಾಯಿತೆಂಬ ಸಂದೇಶವನ್ನೂ ಕೊಡುವುದಿಲ್ಲ. ಕಡತದ ಹೆಸರಿನ ಬಾಲವನ್ನು ಟಿಎಕ್ಸ್‌ಟಿ ಎಂದು ಬದಲಾಯಿಸಿದರೆ ಅದೇ ಮ್ಯಾಕ್ರೊ ವಿಧೇಯವಾಗಿ ನಡೆಯುತ್ತದೆ.

ಆದುದರಿಂದ ನಾವು ‘ಕ್ವೆರಿಟೇಬಲ್ಸ್’ ಎಂಬ ಮಾರ್ಗವನ್ನು ಹಿಡಿದೆವು. ಇದು ಕಡತದ ಬಾಲವನ್ನು ಗಣಿಸುವುದಿಲ್ಲ. ಇದಕ್ಕೆ ಮೂರು ಸಂಗತಿಗಳನ್ನು ಹೇಳಿದರೆ ಸಾಕು: ಸಂಕೇತಪುಟ 65001, ಎಂದರೆ ಯುಟಿಎಫ್-8, ವಿಭಜಕ ಯಾವುದು, ಪ್ರತಿ ಅಂಕಣದ ಜಾತಿ ಯಾವುದು. ಜಾತಿಯನ್ನು ಅಂಕಿಗಳಿಂದ ಸೂಚಿಸಬೇಕು. 1 ಎಂದರೆ ಯಂತ್ರದ ಇಚ್ಛೆ, 2 ಎಂದರೆ ಪಠ್ಯ, 4 ಎಂದರೆ ದಿನ–ತಿಂಗಳು–ವರ್ಷ, 9 ಎಂದರೆ ಅಂಕಣವನ್ನು ಬಿಟ್ಟುಬಿಡುವುದು. ಎಂಟು ಅಂಕಣಗಳಿಗೂ 2 ಎಂದೇ ಬರೆಯಬೇಕೆಂಬುದು ನಮ್ಮ ಸಲಹೆ, ಪ್ರಕಟಣೆಯ ವರ್ಷಕ್ಕೂ ಸಹ. ವರ್ಷದ ಅಂಕಣದಲ್ಲಿ ‘ಸು. 1950’ ಎಂದೋ ಶಕವರ್ಷವೆಂದೋ ಸಂವತ್ಸರದ ಹೆಸರೆಂದೋ ಬರುವುದು ಸಾಮಾನ್ಯ. ಲೆಕ್ಕಕ್ಕೆ ಬೇಕಾದ ಸಂಖ್ಯೆಯನ್ನು ಆಮೇಲೆ ಪಕ್ಕದ ಹೊಸ ಅಂಕಣದಲ್ಲಿ ಪಡೆದುಕೊಳ್ಳಬಹುದು.

ಈ ಮಾರ್ಗದಲ್ಲಿಯೂ ಒಂದು ಕೊರತೆಯಿದೆ. ಷರಾ ಅಂಕಣದಲ್ಲಿ ಬರೆದವರು ನಡುವೆ ಎಂಟರ್ ಕೀಲಿಯನ್ನು ಒತ್ತಿದ್ದರೆ, ಉದ್ಧರಣ ಚಿಹ್ನೆಗಳ ಒಳಗಿದ್ದರೂ ಆ ನಮೂದು ಎರಡು ಸಾಲುಗಳಾಗಿ ಒಡೆಯುತ್ತದೆ. ಷರಾ ದೀರ್ಘವಾಗಿರುವ ಪಟ್ಟಿಗಳಿಗೆ ಬೇರೆ ವಿಧಾನ ಬೇಕು. ಕಡತವನ್ನು ‘ಎಡಿಒಡಿಬಿ ಸ್ಟ್ರೀಮ್’ ಮೂಲಕ ಯುಟಿಎಫ್-8 ಎಂದು ಸೂಚಿಸಿ ಓದಿಸಬೇಕು (ವಿಬಿಎಯ ಸಾದಾ ‘ಓಪನ್’ ಆಜ್ಞೆ ಕನ್ನಡವನ್ನು ಓದಲಾರದು). ಪ್ರತಿ ಸಾಲಿನಲ್ಲಿ ಉದ್ಧರಣ ಚಿಹ್ನೆಗಳನ್ನು ಎಣಿಸಬೇಕು. ಬೆಸಸಂಖ್ಯೆ ಬಂದರೆ ನಮೂದು ಮುಗಿದಿಲ್ಲವೆಂದು ತಿಳಿದು ಮುಂದಿನ ಸಾಲನ್ನು ಕೂಡಿಸಿಕೊಳ್ಳಬೇಕು. ಹೀಗೆ ಸಿದ್ಧವಾದ ನಮೂದನ್ನು ಕೋಶದಲ್ಲಿ ಬರೆಯುವ ಮೊದಲು ಆ ಕೋಶಗಳಿಗೆ ಪಠ್ಯದ ಆಕಾರವನ್ನು ಕೊಟ್ಟಿರಬೇಕು. ಕ್ರಮ ಹಿಂದುಮುಂದಾದರೆ, ಮ್ಯಾಕ್ರೊವೇ ಬರೆದ 3-4 ಕೂಡ ಕೋಶದೊಳಗೆ ಬಿದ್ದೊಡನೆ ದಿನಾಂಕವಾಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರು ಇಂಗ್ಲಿಷ್ ಕೈಪಿಡಿಗಳಲ್ಲಿ ಕಾಣದ ಎರಡು ಸಂಗತಿಗಳನ್ನು ಇಲ್ಲಿ ತಿಳಿದಿರಬೇಕು. ವಿಬಿಎಯ ಸಂಪಾದಕ ಪುಟದಲ್ಲಿ ಕನ್ನಡವನ್ನು ಬರೆಯಲಾಗುವುದಿಲ್ಲ. ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಮ್ಯಾಕ್ರೊವಿಗೆ ಬೇಕಾದ ಕನ್ನಡ ಪದಗಳನ್ನು ಒಂದು ಪ್ರತ್ಯೇಕ ಹಾಳೆಯ ಕೋಶಗಳಲ್ಲಿಟ್ಟು ಅಲ್ಲಿಂದ ಓದಿಸಿಕೊಳ್ಳುವುದು ಸುಲಭೋಪಾಯ. ಒಂದೆರಡು ಅಕ್ಷರಗಳೇ ಆದರೆ ಅವುಗಳ ಯೂನಿಕೋಡ್ ಸಂಖ್ಯೆಯಿಂದ ಪಡೆಯಬಹುದು. ಘಕಾರದ ಸಂಖ್ಯೆ 3224. ಎರಡನೆಯದಾಗಿ, ಕಡತಗಳ ಹೆಸರು ಕನ್ನಡದಲ್ಲಿದ್ದರೆ ‘ಡಿರ್’ ಎಂಬ ಆಜ್ಞೆ ಅವುಗಳನ್ನು ಸರಿಯಾಗಿ ಗುರುತಿಸುವುದಿಲ್ಲ. ಕಡತಗಳಿಗೆ ರೋಮನ್ ಹೆಸರನ್ನೇ ಇಡುವುದು ಸದ್ಯಕ್ಕೆ ಅನಿವಾರ್ಯ.

ಎಕ್ಸೆಲ್ ಇಲ್ಲದವರು ಲಿಬ್ರೆ ಆಫೀಸಿನ ಕ್ಯಾಲ್ಕ್ ಬಳಸಬಹುದು. ಅದು ಉಚಿತ, ಪಠ್ಯಕಡತವನ್ನು ತೆರೆಯುವಾಗ ಸಂಕೇತವನ್ನೂ ವಿಭಜಕವನ್ನೂ ಕೇಳಿಯೇ ಮುಂದುವರಿಯುವುದು ಅದರ ಗುಣ. ಅದರ ಮ್ಯಾಕ್ರೊದಲ್ಲಿ ಇಷ್ಟನ್ನೂ ಒಂದು ಸಾಲಿನ ಅಂಕಿಗಳಲ್ಲಿ ಹೇಳಲಾಗುತ್ತದೆ: 9 ಎಂದರೆ ಟ್ಯಾಬ್, 34 ಎಂದರೆ ಉದ್ಧರಣ ಚಿಹ್ನೆ, 76 ಎಂದರೆ ಯುಟಿಎಫ್-8, ಆಮೇಲೆ ಯಾವ ಸಾಲಿನಿಂದ ಓದಬೇಕು, ಕೊನೆಗೆ ಅಂಕಣ ಮತ್ತು ಅದರ ಜಾತಿಯ ಜೋಡಿಗಳು. ಇಲ್ಲಿಯೂ ಪಠ್ಯದ ಅಂಕಿ 2 ಆಗಿರುವುದು ನೆನಪಿಗೆ ಅನುಕೂಲ.

ಆಮದು ಮುಗಿದ ಮೇಲೆ ಎಣಿಕೆ ಆಗಲೇಬೇಕು. ಬ್ರಿಟನ್ನಿನಲ್ಲಿ 2020ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಕೋವಿಡ್ ಸೋಂಕಿನ 15,841 ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಪ್ರಯೋಗಾಲಯಗಳಿಂದ ಬಂದ ಪಠ್ಯಕಡತಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಹಾಳೆಗೆ ತುಂಬಲಾಗುತ್ತಿತ್ತು. ಆ ಹಾಳೆಯಲ್ಲಿ 65,536 ಸಾಲುಗಳಿಗೆ ಮಾತ್ರ ಸ್ಥಳ. ಮಿಕ್ಕವು ಸದ್ದಿಲ್ಲದೆ ಹೊರಗುಳಿದವು, ಆ ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಸಕಾಲದಲ್ಲಿ ಎಚ್ಚರಿಕೆ ತಲುಪಲಿಲ್ಲ. ಹೊಸ ಮಾದರಿಯಲ್ಲಿ 10,48,576 ಸಾಲುಗಳಿವೆ. ಯಾವ ಊರಿನ ಪುಸ್ತಕಪಟ್ಟಿಯೂ ಅಷ್ಟಕ್ಕೆ ಮುಟ್ಟದು. ಆದರೂ ಕಡತದಲ್ಲಿದ್ದ ನಮೂದುಗಳೆಷ್ಟು, ಹಾಳೆಗೆ ಬಂದವೆಷ್ಟು ಎಂಬುದನ್ನು ಮ್ಯಾಕ್ರೊ ಪ್ರತಿ ಸಲವೂ ಬರೆದಿಡಬೇಕು. ಅಂಕಣಗಳ ಸಂಖ್ಯೆ ಎಂಟಕ್ಕೆ ಸರಿಹೊಂದದ ಸಾಲುಗಳನ್ನು ಎಸೆಯದೆ ಪ್ರತ್ಯೇಕ ಹಾಳೆಯಲ್ಲಿ ಇಡಬೇಕು. ನಾವು ಇನ್ನೂ ಎರಡು ಅಂಕಣಗಳನ್ನು ಮ್ಯಾಕ್ರೊವಿನಿಂದಲೇ ಸೇರಿಸಿದೆವು: ನಮೂದು ಬಂದ ಕಡತದ ಹೆಸರು, ಆ ಕಡತದಲ್ಲಿ ಅದರ ಸಾಲಿನ ಸಂಖ್ಯೆ. ಹಸ್ತಪ್ರತಿಯ ಹೆಸರು, ಗರಿ, ಪಂಕ್ತಿ ಇವನ್ನು ಅಡಿಯಲ್ಲಿ ಕೊಡುವ ಪದ್ಧತಿಯನ್ನೇ ಇಲ್ಲಿ ಅನುಸರಿಸಲಾಗಿದೆ. ಕೋಷ್ಟಕವನ್ನು ಎಷ್ಟು ಸಲ ವಿಂಗಡಿಸಿದರೂ ಯಾವ ನಮೂದೂ ತನ್ನ ಮೂಲದಿಂದ ಬೇರ್ಪಡುವುದಿಲ್ಲ.

ಕೊನೆಯ ತೊಡಕು ಊರಿನ ಹೆಸರಿನಲ್ಲಿಯೇ ಇತ್ತು. ಮರಾಠಿಯ ಬರೆವಣಿಗೆಯನ್ನು ಅನುಸರಿಸಿದವರು ‘ಘಣಸೋಲಿ’ ಎಂದೂ ರೋಮನ್ ವಿಳಾಸವನ್ನು ನೋಡಿ ಬರೆದವರು ‘ಘನ್ಸೋಲಿ’ ಎಂದೂ ನಡುವಿನವರು ‘ಘಣ್ಸೋಲಿ’ ಎಂದೂ ಬರೆದಿದ್ದರು. ಇದು ಕಾಣುವ ಭೇದ. ಕಾಣದ ಭೇದವೊಂದೂ ಇದೆ. ‘ಸೋ’ ಎಂಬಲ್ಲಿಯ ಓತ್ವವನ್ನು ಯೂನಿಕೋಡ್‌ನಲ್ಲಿ 3275 ಎಂಬ ಒಂದೇ ಸಂಕೇತದಿಂದ ಬರೆಯಬಹುದು. ಇಲ್ಲವೇ 3270, 3266, 3285 ಎಂಬ ಮೂರು ಸಂಕೇತಗಳನ್ನು ಒಂದರ ಪಕ್ಕ ಒಂದಿಟ್ಟು ಬರೆಯಬಹುದು. ಆಕಾರದ ತುಂಡುಗಳಿಂದ ಪರಿವರ್ತಿತವಾದ ಪಠ್ಯದಲ್ಲಿ ಎರಡನೆಯ ರೂಪ ಉಳಿದುಬಿಡುವ ಸಾಧ್ಯತೆ ಇದೆ. ಪರದೆಯ ಮೇಲೆ ಎರಡೂ ಒಂದೇ ‘ಘಣಸೋಲಿ’. ಯಂತ್ರದ ಎಣಿಕೆಯಲ್ಲಿ ಒಂದರ ಉದ್ದ 6, ಇನ್ನೊಂದರದು 8. ಮ್ಯಾಕ್ರೊ ಸಂಕೇತಗಳನ್ನು ಹೋಲಿಸಿದಾಗ ಅವು ಎರಡು ಬೇರೆ ಬೇರೆ ಊರುಗಳು. ಅರ್ಕಾವೊತ್ತಿನ ಪದಗಳಲ್ಲಿ ಸೇರಿಕೊಳ್ಳುವ ಅದೃಶ್ಯ ಜೋಡಕಗಳಿಂದಲೂ (8204, 8205) ಇದೇ ಬಗೆಯ ಗೊಂದಲ ಹುಟ್ಟುತ್ತದೆ. ಸಂಕೇತಗಳ ಈ ಭೇದವನ್ನು ಮ್ಯಾಕ್ರೊವಿನಲ್ಲಿ ಒಂದು ಬದಲಿಕೆಯ ಆಜ್ಞೆಯಿಂದ ನಿವಾರಿಸಬಹುದು, ನಿವಾರಿಸಬೇಕು. ಅಲ್ಲಿ ಬರೆದವರ ಇಚ್ಛೆಯ ಪ್ರಶ್ನೆ ಇಲ್ಲ. ಆದರೆ ಘಣಸೋಲಿ, ಘನ್ಸೋಲಿಗಳ ವಿಷಯ ಹಾಗಲ್ಲ. ಆ ಮನೆಯವರು ತಮ್ಮ ಊರನ್ನು ಹೇಗೆ ಬರೆದರೆಂಬುದು ಸ್ವತಃ ಒಂದು ಆಕರ. ಮರಾಠಿಯ ಮೂಲಕ ಆ ಹೆಸರು ಅವರಿಗೆ ಬಂದಿತೇ, ಇಂಗ್ಲಿಷಿನ ಮೂಲಕವೇ ಎಂಬುದನ್ನು ಅದು ಹೇಳುತ್ತದೆ. ಆದುದರಿಂದ ಮೂಲ ಅಂಕಣವನ್ನು ಮುಟ್ಟದೆ, ಪಕ್ಕದಲ್ಲಿ ‘ಅಂಗೀಕೃತ ರೂಪ’ ಎಂಬ ಅಂಕಣವನ್ನು ತೆರೆದು, ಪರ್ಯಾಯ ರೂಪಗಳ ಒಂದು ಚಿಕ್ಕ ಪಟ್ಟಿಯಿಂದ ಅದನ್ನು ತುಂಬಿಸುವಂತೆ ಮ್ಯಾಕ್ರೊವನ್ನು ಬರೆದೆವು. ಕರ್ತೃಗಳ ಹೆಸರಿಗೂ ಇದೇ ಕ್ರಮ.

ಮ್ಯಾಕ್ರೊ ಇರುವ ಎಕ್ಸೆಲ್ ಕಡತವನ್ನು ಮಿಂಚಂಚೆಯಲ್ಲಿ ಕಳುಹಿಸಿದರೆ ಪಡೆದವರ ಗಣಕದಲ್ಲಿ ಅದು ನಡೆಯದೆ ಇರಬಹುದು. ಅಂತರಜಾಲದಿಂದ ಬಂದ ಮ್ಯಾಕ್ರೊಗಳನ್ನು 2022ರಿಂದ ಮೈಕ್ರೊಸಾಫ್ಟ್ ತಾನಾಗಿಯೇ ತಡೆಯುತ್ತಿದೆ. ಈ ತಡೆಯನ್ನು ಸಡಿಲಿಸುವುದು ಯೋಗ್ಯವಲ್ಲ. ಮ್ಯಾಕ್ರೊವಿನ ಪಠ್ಯವನ್ನು ಸಾದಾ ಕಡತವಾಗಿ ಪಡೆದು, ಓದಿ ನೋಡಿ, ತಮ್ಮದೇ ಹಾಳೆಯಲ್ಲಿ ಅಂಟಿಸಿಕೊಳ್ಳುವುದು ಕ್ಷೇಮ. ಮೇಲೆ ವಿವರಿಸಿದ ಎರಡೂ ಮ್ಯಾಕ್ರೊಗಳ ಪಠ್ಯವನ್ನು, ಕ್ಯಾಲ್ಕ್‌ಗೆ ಹೊಂದಿಸಿದ ರೂಪದೊಡನೆ, ಪೀಠಕ್ಕೆ ಬರೆದು ಕೇಳಿದ ಸಂಶೋಧಕರಿಗೆ ಕಳುಹಿಸಿಕೊಡಲಾಗುವುದು. ಕೇಳುವವರು ತಮ್ಮ ಪಟ್ಟಿಯ ಮೊದಲ ಹತ್ತು ಸಾಲುಗಳನ್ನು, ಎಕ್ಸೆಲ್‌ನಲ್ಲಿ ಒಮ್ಮೆಯೂ ತೆರೆಯದ ಮೂಲ ಕಡತದಿಂದಲೇ ತೆಗೆದು, ಜೊತೆಗೆ ಕಳುಹಿಸಿದರೆ ಅನುಕೂಲವಾಗುತ್ತದೆ.